ತಗ್ಗಿಸಿದ ಕಾರು, ಕುಸಿದ ಬೆನ್ನು

ನನ್ನ ಸೋದರತ್ತೆಗೆ 71 ವರ್ಷ. ಕಳೆದ ಮಳೆಗಾಲದ ಒಂದು ಭಾನುವಾರ ಮೊಮ್ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮದುವೆಯೊಂದಕ್ಕೆ ಹೊರಟಿದ್ದರು. ಪಟ್ಟಣದ ಅಂಚಿನ ಶಾಲೆಯೊಂದರ ಮುಂದೆ ಬಣ್ಣ ಮಾಸಿದ ಹಂಪ್. ಹುಡುಗ ಅದನ್ನು ಕಂಡ, ಬ್ರೇಕ್ ಒತ್ತಿದ. ತುಸು ತಡವಾಗಿತ್ತು. ಕಾರಿನ ತಳದಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದಂತಹ ಸದ್ದು, ಹಿಂದಿನ ಸೀಟಿನಿಂದ ಒಂದು ಕೂಗು. ಹುಡುಗ ಕಾರು ನಿಲ್ಲಿಸಿ ಇಳಿದ. ಮೊದಲು ಮುಂದಿನ ಬಂಪರಿನ ಕೆಳಗೆ ಬಾಗಿ ನೋಡಿದ. ಆ ಬಳಿಕ ಹಿಂದಿನ ಬಾಗಿಲು ತೆರೆದ.

ಎಕ್ಸ್‌ರೇಯಲ್ಲಿ ಕಂಡದ್ದು ಕುಸಿದ ಬೆನ್ನುಮೂಳೆ. ವಯಸ್ಸಾದವರ, ಅದರಲ್ಲೂ ವಯಸ್ಸಾದ ಮಹಿಳೆಯರ ಮೂಳೆ ಸವೆದು ಟೊಳ್ಳಾಗಿರುತ್ತದೆ. ಅಂತಹ ಬೆನ್ನು ಕುಸಿಯುವುದಕ್ಕೆ ಮಹಡಿಯಿಂದ ಬೀಳಬೇಕೆಂದೇನೂ ಇಲ್ಲ, ಕುಳಿತಲ್ಲೇ ಕೆಳಗಿನಿಂದ ಒಂದು ಬಲವಾದ ಏಟು ಬಿದ್ದರೆ ಸಾಕು ಎಂದು ವೈದ್ಯರು ವಿವರಿಸಿದರು. ಅಲ್ಲಿಯ ತನಕ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದ ಆ ಮಹಿಳೆ ಬಳಿಕ ತಿಂಗಳುಗಟ್ಟಲೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಲಗಬೇಕಾಯಿತು. ಹಾಸಿಗೆಯಿಂದ ಏಳಲು ಇನ್ನೊಬ್ಬರ ಕೈ ಬೇಕಾಯಿತು.

ಹಾಗಾದರೆ ಆ ಕಾರಿನಲ್ಲಿ ದೋಷವಿತ್ತೇ? ಕಂಪೆನಿಯಿಂದ ಹೊರಬರುವಾಗ ಇರಲಿಲ್ಲ. ದೋಷವನ್ನು ದುಡ್ಡು ಕೊಟ್ಟು ಮಾಡಿಸಲಾಗಿತ್ತು.

ಘಟನೆಗೆ ಮೂರು ತಿಂಗಳ ಹಿಂದಷ್ಟೇ ಆ ಕಾರಿಗೆ ‘ಲೋವರಿಂಗ್ ಸ್ಪ್ರಿಂಗ್’ ಹಾಕಿಸಲಾಗಿತ್ತು. ಅಂದರೆ, ಕಂಪೆನಿ ಕೊಟ್ಟ ಸ್ಪ್ರಿಂಗುಗಳನ್ನು ಕಳಚಿ, ಅವುಗಳಿಗಿಂತ ಗಿಡ್ಡವಾದ ಮತ್ತು ಬಿಗಿಯಾದ ಸ್ಪ್ರಿಂಗುಗಳನ್ನು ಜೋಡಿಸಿ, ಕಾರಿನ ಮೈಯನ್ನು ನೆಲದತ್ತ ಇಳಿಸುವ ಕೆಲಸ. ಕೆಲವರು ಇದರ ಜೊತೆಗೆ ಶಾಕ್ ಅಬ್ಸಾರ್ಬರನ್ನೂ ಬದಲಿಸುತ್ತಾರೆ. ಹೆಚ್ಚಿನವರು ಬದಲಿಸುವುದಿಲ್ಲ. ದೊಡ್ಡ ನಗರಗಳ ಶ್ರೀಮಂತ ಯುವಕರ ಹವ್ಯಾಸವಾಗಿದ್ದ ಇದು ಇಂದು ನಮ್ಮ ಸಣ್ಣ ಪಟ್ಟಣಗಳ ಬೀದಿಗಳಿಗೂ ಇಳಿದಿದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರದಷ್ಟು ಅಂತರ ಉಳಿದರೆ ಅದೇ ಒಂದು ಹೆಮ್ಮೆ. ತಂದೆ ಸಾಲ ಮಾಡಿ ಕೊಂಡ ಹಳೆಯ ಕಾರನ್ನು ಮಗ ಇನ್ನೊಂದಿಷ್ಟು ಖರ್ಚು ಮಾಡಿ ತಗ್ಗಿಸುತ್ತಾನೆ. ತಂದೆ ಸುಮ್ಮನಿರುತ್ತಾರೆ. ‘ಸಿಗರೇಟಿಲ್ಲ, ಕುಡಿತವಿಲ್ಲ, ಕಾರಿನ ಶೋಕಿ ಒಂದು ತಾನೇ’ ಎಂಬ ಸಮಾಧಾನ ಅವರದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕಾರಿನ ಬಣ್ಣ, ಸೀಟಿನ ಹೊದಿಕೆ, ಹಾಡಿನ ಪೆಟ್ಟಿಗೆ ಇವೆಲ್ಲ ಮಾಲಕನ ಅಭಿರುಚಿಗೆ ಬಿಟ್ಟದ್ದು. ಸ್ಪ್ರಿಂಗ್ ಹಾಗಲ್ಲ. ಅದು ಕಾರಿನ ಒಡವೆಯಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರ ಬೆನ್ನು, ಎದುರಿನಿಂದ ಬರುವ ಸ್ಕೂಟರ್ ಸವಾರನ ಪ್ರಾಣ, ರಸ್ತೆ ದಾಟುವ ಮಗುವಿನ ಕಾಲು ಎಲ್ಲವೂ ಆ ಸ್ಪ್ರಿಂಗಿನ ಮೇಲೆ ನಿಂತಿವೆ. ಅವರಲ್ಲಿ ಯಾರೂ ಅದನ್ನು ಬದಲಿಸಲು ಅನುಮತಿ ಕೊಟ್ಟಿಲ್ಲ. ಇನ್ನೊಬ್ಬರ ಸುರಕ್ಷೆಯನ್ನು ಅವರನ್ನು ಕೇಳದೆಯೇ ಖರ್ಚು ಮಾಡುವುದಕ್ಕೆ ಶೋಕಿ ಎಂದು ಹೆಸರಿಡುವುದು ನ್ಯಾಯವಲ್ಲ.

ಅಂದಹಾಗೆ, ಸ್ಪ್ರಿಂಗ್ ಮಾಡುವ ಕೆಲಸವಾದರೂ ಏನು? ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಚಕ್ರ ಮೇಲೆ ಕೆಳಗೆ ಸರಿಯಬೇಕು, ಆದರೆ ಕಾರಿನ ಮೈ ಆದಷ್ಟು ಅಲುಗದಿರಬೇಕು. ಚಕ್ರ ಮೇಲೇರುವಾಗ ಸ್ಪ್ರಿಂಗ್ ಕುಗ್ಗಿ ಆ ಏಟನ್ನು ನುಂಗುತ್ತದೆ. ನುಂಗಿದ್ದನ್ನು ಅದು ಹಿಂದಿರುಗಿಸಲೇಬೇಕು. ತಡೆಯುವವರಿಲ್ಲದಿದ್ದರೆ ಕಾರು ಚೆಂಡಿನಂತೆ ಕುಪ್ಪಳಿಸುತ್ತಲೇ ಇರುತ್ತದೆ. ಆ ಕುಪ್ಪಳಿಕೆಯನ್ನು ಎಣ್ಣೆಯ ಒತ್ತಡದಿಂದ ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಇವೆರಡೂ ಒಂದನ್ನೊಂದು ಅಳೆದು ಮಾಡಿದ ಜೋಡಿ. ಸ್ಪ್ರಿಂಗಿನ ಬಿಗಿತ ಇಷ್ಟಾದರೆ ಶಾಕ್ ಅಬ್ಸಾರ್ಬರಿನ ತಡೆ ಇಷ್ಟಿರಬೇಕು ಎಂಬುದನ್ನು ಇಂಜಿನಿಯರುಗಳು ಖಾಲಿ ಕಾರು, ತುಂಬಿದ ಕಾರು, ನೇರ ರಸ್ತೆ, ತಿರುವು, ದಿಢೀರ್ ಬ್ರೇಕ್ ಹೀಗೆ ಬಗೆಬಗೆಯ ಸ್ಥಿತಿಗಳಲ್ಲಿ ಪರೀಕ್ಷಿಸಿ ನಿಗದಿಪಡಿಸಿರುತ್ತಾರೆ.

ಚಕ್ರಕ್ಕೆ ಮೇಲೆ ಸರಿಯಲು ಇರುವ ಅವಕಾಶವಾದರೋ ಸಣ್ಣ ಕಾರುಗಳಲ್ಲಿ ಕೆಲವೇ ಅಂಗುಲ. ಅದರ ಕೊನೆಯಲ್ಲಿ ‘ಬಂಪ್ ಸ್ಟಾಪ್’ ಎಂಬ ರಬ್ಬರಿನ ತುಂಡು ಇರುತ್ತದೆ. ಅದು ದಿನನಿತ್ಯ ಬಳಸುವುದಕ್ಕಲ್ಲ. ಎಂದೋ ಒಮ್ಮೆ ದೊಡ್ಡ ಗುಂಡಿಗೆ ಬಿದ್ದಾಗ ಲೋಹಕ್ಕೆ ಲೋಹ ಬಡಿಯದಿರಲು ಇರುವ ಕೊನೆಯ ತಡೆ. ಕಾರನ್ನು 40 ಮಿಲಿಮೀಟರ್ ತಗ್ಗಿಸಿದಿರಿ ಎಂದುಕೊಳ್ಳಿ. ಆ ಕೆಲವೇ ಅಂಗುಲಗಳಲ್ಲಿ ಒಂದೂವರೆ ಅಂಗುಲವನ್ನು ನೀವು ಹೊರಡುವ ಮೊದಲೇ ಕಳೆದುಕೊಂಡಿರಿ. ಹಿಂದೆ ಮೂವರು ಕುಳಿತು, ಡಿಕ್ಕಿಯಲ್ಲಿ ಮದುವೆಯ ಉಡುಗೊರೆ ತುಂಬಿದ ಮೇಲೆ ಉಳಿಯುವುದೆಷ್ಟು? ಆಗ ಪ್ರತಿಯೊಂದು ಹಂಪೂ ಆ ರಬ್ಬರಿಗೇ ಬಡಿಯುತ್ತದೆ. ರಬ್ಬರು ನುಂಗದ ಏಟು ಮೈಗೆ, ಮೈಯಿಂದ ಸೀಟಿಗೆ, ಸೀಟಿನಿಂದ ಕುಳಿತವರ ಬೆನ್ನಿಗೆ ಏರುತ್ತದೆ. ನನ್ನ ಸೋದರತ್ತೆಗೆ ಆದದ್ದು ಇದುವೇ.

ಇನ್ನು ಗ್ಯಾರೇಜುಗಳಲ್ಲಿ ಈ ಕೆಲಸ ನಡೆಯುವ ರೀತಿಯನ್ನು ನೋಡೋಣ. ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಅತ್ಯಂತ ಅಗ್ಗದ್ದು: ಕಂಪೆನಿಯ ಸ್ಪ್ರಿಂಗನ್ನೇ ಗ್ರೈಂಡರಿನಿಂದ ಒಂದು ಸುತ್ತು ಕತ್ತರಿಸುವುದು. ಏಳು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಅದರ ಬಿಗಿತ ಆರನೇ ಒಂದರಷ್ಟು ಮಾತ್ರ ಏರುತ್ತದೆ. ಕಳೆದುಹೋದ ಅಂತರವನ್ನು ತುಂಬಿಕೊಡಲು ಅದು ಏನೇನೂ ಸಾಲದು. ಅಷ್ಟೇ ಅಲ್ಲ, ಸ್ಪ್ರಿಂಗಿನ ತುದಿಯನ್ನು ಅದರ ತಟ್ಟೆಯಲ್ಲಿ ಸರಿಯಾಗಿ ಕೂರುವಂತೆ ಬಾಗಿಸಿ ಮಾಡಲಾಗಿರುತ್ತದೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಕಾರಿನ ಚಕ್ರ ಒಮ್ಮೆ ಗುಂಡಿಯ ಮೇಲೆ ತೂಗಾಡಿದರೆ ಗಿಡ್ಡ ಸ್ಪ್ರಿಂಗ್ ತನ್ನ ಸ್ಥಾನದಿಂದಲೇ ಜಾರಬಹುದು. ಎರಡನೆಯದು ಇನ್ನೂ ಘೋರ: ಗ್ಯಾಸ್ ಜ್ವಾಲೆಯಿಂದ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕಾರಿನ ಭಾರಕ್ಕೇ ಅದು ಕುಸಿಯುವಂತೆ ಮಾಡುವುದು. ಸ್ಪ್ರಿಂಗಿನ ಉಕ್ಕಿಗೆ ಬಲ ಬಂದಿರುವುದೇ ಅದನ್ನು ಅಳತೆಯ ಶಾಖದಲ್ಲಿ ಹದಗೊಳಿಸಿರುವುದರಿಂದ. ಜ್ವಾಲೆ ಹಿಡಿದೊಡನೆ ಆ ಹದ ಕೆಡುತ್ತದೆ. ಅಂತಹ ಸ್ಪ್ರಿಂಗ್ ಯಾವ ತಿರುವಿನಲ್ಲಿ ಮುರಿಯುತ್ತದೆಂದು ಅದನ್ನು ಕಾಯಿಸಿದವನೂ ಹೇಳಲಾರ.

ಮೂರನೆಯದು ಲೋವರಿಂಗ್ ಸ್ಪ್ರಿಂಗಿಗೆಂದೇ ತಯಾರಾದ ಕಿಟ್. ಹೆಸರಾಂತ ತಯಾರಕರ ಕಿಟ್‌ಗಳು ಲೆಕ್ಕ ಹಾಕಿ ಮಾಡಿದಂಥವು ಎಂಬುದನ್ನು ಒಪ್ಪೋಣ. ಆದರೆ ಅವುಗಳನ್ನೂ ಹಾಕುವ ಕ್ರಮವಿದೆ. ಹಳೆಯ ಸ್ಪ್ರಿಂಗನ್ನು ಕಂಪ್ರೆಸರ್ ಸಾಧನದಿಂದ ಬಿಗಿಹಿಡಿದ ಬಳಿಕವೇ ಮೇಲಿನ ನಟ್ಟು ಬಿಚ್ಚಬೇಕು. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಮೆಕ್ಯಾನಿಕನ ತಲೆಯೊಡೆಯುವಷ್ಟು ಶಕ್ತಿ ಅದರಲ್ಲಿದೆ. ಗಿಡ್ಡ ಸ್ಪ್ರಿಂಗಿಗೆ ಸರಿಹೊಂದುವ ಶಾಕ್ ಅಬ್ಸಾರ್ಬರ್ ಜೊತೆಗೇ ಬರಬೇಕು. ಮೇಲಿನ ಮೌಂಟ್, ಬೇರಿಂಗ್, ಬುಷ್‌ಗಳ ಸವೆತ ನೋಡಬೇಕು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು, ಹೆಡ್‌ಲೈಟಿನ ಗುರಿಯನ್ನು ತಿದ್ದಬೇಕು. ಇಷ್ಟೆಲ್ಲ ಮಾಡುವ ಗ್ಯಾರೇಜು ನಮ್ಮ ಊರಿನಲ್ಲಿ ಎಷ್ಟಿವೆ? ಇಷ್ಟಕ್ಕೆ ಹಣ ಕೊಡುವ ಗಿರಾಕಿಗಳು ಎಷ್ಟಿದ್ದಾರೆ? ‘ಸದ್ಯ ಸ್ಪ್ರಿಂಗ್ ಹಾಕು, ಶಾಕ್ ಆಮೇಲೆ ನೋಡೋಣ’ ಎಂಬುದು ನಮ್ಮಲ್ಲಿನ ವಾಡಿಕೆ. ಬಿಗಿಯಾದ ಹೊಸ ಸ್ಪ್ರಿಂಗಿನ ಕುಪ್ಪಳಿಕೆಯನ್ನು 60 ಸಾವಿರ ಕಿಲೋಮೀಟರ್ ಓಡಿ ಸೋತ ಹಳೆಯ ಶಾಕ್ ಅಬ್ಸಾರ್ಬರ್ ಅಡಗಿಸುವುದಾದರೂ ಹೇಗೆ?

ಈ ಹವ್ಯಾಸದ ಪರವಾಗಿ ಇರುವ ವಾದಗಳನ್ನೂ ಪರಿಶೀಲಿಸೋಣ. ಸೋದರತ್ತೆಯ ಮೊಮ್ಮಗನೇ ನನ್ನೊಡನೆ ವಾದಿಸಿದ. ‘ಮಾವ, ರೇಸಿನ ಕಾರುಗಳೆಲ್ಲ ನೆಲಕ್ಕೆ ಅಂಟಿಕೊಂಡೇ ಇರುವುದಲ್ಲವೇ? ಕಾರು ತಗ್ಗಿದಷ್ಟೂ ತಿರುವಿನಲ್ಲಿ ಹಿಡಿತ ಜಾಸ್ತಿ. ಇದು ಸೇಫ್ಟಿಗೇ ಒಳ್ಳೆಯದು.’

ಇದು ಅರ್ಧ ಸತ್ಯ. ಕಾರಿನ ಭಾರದ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಅದು ಕಡಿಮೆ ವಾಲುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದರೆ ರೇಸಿನ ಕಾರು ಓಡುವುದು ಹಂಪ್ ಇಲ್ಲದ, ಗುಂಡಿ ಇಲ್ಲದ, ಎದುರಿನಿಂದ ಯಾರೂ ಬಾರದ ಟ್ರ್ಯಾಕಿನಲ್ಲಿ. ಅದರಲ್ಲಿ ಕೂರುವವನು ಒಬ್ಬನೇ, ಅದೂ ಹೆಲ್ಮೆಟ್ ತೊಟ್ಟವನು. ನಮ್ಮ ಹೆಚ್ಚಿನ ಸಣ್ಣ ಕಾರುಗಳ ಮುಂಚಕ್ರಗಳಿಗೆ ಇರುವುದು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಸಸ್ಪೆನ್ಶನ್. ಅಗ್ಗ, ಸರಳ, ಕಡಿಮೆ ಜಾಗದಲ್ಲಿ ಕೂರುವಂಥದ್ದು. ಆದರೆ ಅದಕ್ಕೊಂದು ಗುಣವಿದೆ. ಮೈಯನ್ನು ತಗ್ಗಿಸಿದಾಗ ಕೆಳಗಿನ ತೋಳಿನ ಕೋನ ಬದಲಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಕಾರಿನ ಮೈಗಿಂತಲೂ ವೇಗವಾಗಿ ಕೆಳಗಿಳಿಯುತ್ತದೆ. ಪರಿಣಾಮವಾಗಿ ವಾಲಿಸುವ ಸನ್ನೆ ಉದ್ದವಾಗುತ್ತದೆ. ತಗ್ಗಿಸಿದ್ದರಿಂದ ಸಿಕ್ಕ ಲಾಭವನ್ನು ಇದು ತಿಂದುಹಾಕಬಹುದು. ಸ್ಟೀರಿಂಗಿನ ಕಡ್ಡಿಯ ಕೋನವೂ ಕೆಡುವುದರಿಂದ ಗುಂಡಿಗೆ ಬಿದ್ದಾಗ ಚಕ್ರ ತಾನೇ ಎಡಕ್ಕೋ ಬಲಕ್ಕೋ ತಿರುಗಲು ನೋಡುತ್ತದೆ. ಟಯರಿನ ಒಳ ಅಂಚು ಹೊರಗಿನವರ ಕಣ್ಣಿಗೆ ಬೀಳದಂತೆ ಸವೆಯುತ್ತದೆ. ಬಿಗಿ ಸ್ಪ್ರಿಂಗಿನ ಕಾರು ಕೆಟ್ಟ ರಸ್ತೆಯಲ್ಲಿ ಜಿಗಿಯುತ್ತದೆ. ಜಿಗಿದ ಗಳಿಗೆಯಲ್ಲಿ ಟಯರು ನೆಲವನ್ನು ಹಿಡಿದಿರುವುದಿಲ್ಲ. ನೆಲವನ್ನು ಹಿಡಿಯದ ಟಯರಿಗೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ. ಹಿಡಿತ ಹೆಚ್ಚುತ್ತದೆ ಎಂದು ನಂಬಿದ ಹುಡುಗ ತಿರುವನ್ನು ಇನ್ನಷ್ಟು ವೇಗವಾಗಿ ತೆಗೆದುಕೊಳ್ಳುತ್ತಾನೆ. ಎಂದರೆ, ಇಲ್ಲದ ಸುರಕ್ಷೆಯ ಭರವಸೆಯಲ್ಲಿ ಇದ್ದ ಸುರಕ್ಷೆಯನ್ನೂ ಕಳೆದುಕೊಳ್ಳುತ್ತಾನೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವುಗಳಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ಅದೇ ವರದಿ ಹೇಳುತ್ತದೆ. ತಗ್ಗಿಸಿದ ಕಾರುಗಳಿಂದ ಸತ್ತವರೆಷ್ಟು ಎಂದು ಇಲ್ಲಿ ವಾದಿಸುವ ಉದ್ದೇಶವಿಲ್ಲ. ಪ್ರಶ್ನೆಯಿರುವುದು, ಇಂತಹ ದೇಶದಲ್ಲಿ ವೇಗದ ಅಮಲನ್ನು ಮನೆಯ ಅಂಗಳದಲ್ಲೇ ಜೋಡಿಸಿಕೊಡುವುದು ಎಷ್ಟು ಸರಿ ಎಂಬುದು.

ಇನ್ನೊಂದು ವಾದ ಬರುತ್ತದೆ: ‘ಇದೊಂದು ಕಲೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ.’ ಹೌದು, ಇದೆ. ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಕಾರ್ಮಿಕ ಕುಟುಂಬಗಳ ಯುವಕರು ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಹಳೆಯ ಕಾರುಗಳನ್ನು ತಗ್ಗಿಸಿ, ಬಣ್ಣ ಬಳಿದು, ಬೀದಿಗಳಲ್ಲಿ ಮೆರವಣಿಗೆಯಂತೆ ಸಾಗುತ್ತಿದ್ದರು. ‘ಲೋರೈಡರ್’ ಎಂದು ಅವುಗಳಿಗೆ ಹೆಸರು. ಕಾರಿನ ಯಾವುದೇ ಭಾಗ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಬಾರದೆಂದು ಕ್ಯಾಲಿಫೋರ್ನಿಯ 1958ರಿಂದ ಕಾನೂನು ಜಾರಿಗೆ ತಂದಿತು. ಬೇಕೆಂದಾಗ ಕಾರನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿ ಅವರು ಅದಕ್ಕೆ ಉತ್ತರ ಕೊಟ್ಟರು. ಆ ನಿರ್ಬಂಧ ಕೊನೆಗೂ ತೆರವಾದದ್ದು 2024ರ ಜನವರಿ 1ರಂದು. ಬಡ ಅಲ್ಪಸಂಖ್ಯಾತ ಸಮುದಾಯವೊಂದರ ಯುವಕರನ್ನು ಪೊಲೀಸರು ದಶಕಗಳ ಕಾಲ ಕಾರಿನ ನೆಪದಲ್ಲಿ ಕಾಡಿದರೆಂಬ ದೂರಿನಲ್ಲಿ ಹುರುಳಿದೆ. ಅವರ ಬಗ್ಗೆ ಗೌರವವಿರಲಿ.

ಆದರೆ ಆ ಪರಂಪರೆಯನ್ನು ಉದಾಹರಿಸುವವರು ಅದರ ಮೊದಲ ನಿಯಮವನ್ನೇ ಮರೆಯುತ್ತಾರೆ. ಅವರದು ತಗ್ಗಿ ನಿಧಾನವಾಗಿ ಸಾಗುವ ಪರಂಪರೆ. ಸುತ್ತಲಿನವರು ವೇಗಕ್ಕಾಗಿ ಕಾರನ್ನು ತಿದ್ದುತ್ತಿದ್ದಾಗ, ಇವರು ಕುಟುಂಬ ಸಮೇತ ಮೆಲ್ಲಗೆ ಹೋಗುವುದಕ್ಕಾಗಿ ತಿದ್ದಿದರು. ನಮ್ಮವರು ಅಲ್ಲಿಂದ ತಗ್ಗನ್ನು ತಂದರು, ನಿಧಾನವನ್ನು ಅಲ್ಲೇ ಬಿಟ್ಟರು.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಯಾವ ಮಾಲಕನೂ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ಬಿಡಿಭಾಗ ಬದಲಿಸಿ ವಾಹನವನ್ನು ಮಾರ್ಪಡಿಸಿದ ಮಾಲಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ‘ಆರ್‌ಸಿಯಲ್ಲಿ ಸ್ಪ್ರಿಂಗಿನ ಉದ್ದ ಬರೆದಿಲ್ಲವಲ್ಲ’ ಎಂದು ಗ್ಯಾರೇಜಿನವರು ಧೈರ್ಯ ಹೇಳುತ್ತಾರೆ. ಅಪಘಾತವಾದ ದಿನ ವಿಮಾ ಕಂಪೆನಿಯ ಪರಿಶೀಲಕನ ಮುಂದೆ ಅದೇ ಮಾತನ್ನು ಹೇಳಲು ಆ ಗ್ಯಾರೇಜಿನವರು ಬರುತ್ತಾರೆಯೇ? ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಪರಿಹಾರವನ್ನು ತಿರಸ್ಕರಿಸಲು ಸಿಗುವ ನೆಪ. ಅಂದು ಒಬ್ಬಂಟಿಯಾಗಿ ನಿಲ್ಲುವುದು ಮಾಲಕ, ಅಂದರೆ ಹೆಚ್ಚಿನ ಸಂದರ್ಭಗಳಲ್ಲಿ ಹುಡುಗನ ತಂದೆ.

ಹಾಗೆಂದು ಇಡೀ ತಪ್ಪನ್ನು ಯುವಕರ ಹೆಗಲಿಗೇರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಇಷ್ಟಕ್ಕೂ ಆ ಹಂಪ್ ಅಲ್ಲಿಗೆ ಬಂದದ್ದು ಹೇಗೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪ್‌ಗೆ ಅಳತೆ ಕೊಟ್ಟಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೇಲ್ಮೈ ದುಂಡಗೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆ ಹೊಂದುವ ಲೆಕ್ಕ ಅದು. ಮುಂಚಿತವಾಗಿ ಎಚ್ಚರಿಕೆ ಫಲಕ ಬೇಕು, ಹಂಪಿಗೆ ಬಣ್ಣ ಬೇಕು. ನಮ್ಮೂರುಗಳ ಹಂಪುಗಳನ್ನು ಯಾರು ಅಳೆದಿದ್ದಾರೆ? ಅಪಘಾತವಾದ ರಾತ್ರಿ ಊರವರ ಸಿಟ್ಟಿಗೆ ಹೆದರಿ, ಉಳಿದ ಡಾಂಬರನ್ನು ಸುರಿದು, ಒಂದು ಮಾರು ಅಗಲದ ಗೋಡೆಯಂತೆ ಎಬ್ಬಿಸಿ ಹೋಗುವುದೇ ಇಲ್ಲಿನ ಇಂಜಿನಿಯರಿಂಗ್. 2005ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟಿನ ತಳ ನೆಲದಿಂದ 170 ಮಿಲಿಮೀಟರ್ ಎತ್ತರದಲ್ಲಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.4 ಮೀಟರ್ ಅಂತರವಿತ್ತು. ಅದಕ್ಕಿಂತ ಕಿರಿದಾದ ಹಂಪ್ ಇಡಿಯಾಗಿ ಕಾರಿನ ಹೊಟ್ಟೆಯಡಿ ನುಗ್ಗುತ್ತದೆ. ತಗ್ಗಿಸದ ಕಾರಿಗೇ ಅದು ತಾಗುವಾಗ, 40 ಮಿಲಿಮೀಟರ್ ಇಳಿಸಿದ ಕಾರಿನ ಗತಿಯೇನು? ಹಾಗಿದ್ದರೂ ತಪ್ಪು ಹಂಪ್ ಹಾಕಿದ ಒಬ್ಬನೇ ಒಬ್ಬ ಗುತ್ತಿಗೆದಾರನ ಮೇಲೆ ಕ್ರಮ ಜರಗಿದ್ದನ್ನು ನಮ್ಮ ಊರಿನಲ್ಲಿ ನಾನಂತೂ ಕಂಡಿಲ್ಲ.

ಕ್ರಮ ಜರಗುವುದು ಯಾರ ಮೇಲೆ? ರಸ್ತೆಬದಿಯಲ್ಲಿ ತಡೆದ ಹುಡುಗನ ಮೇಲೆ. ತಯಾರಕ, ಆಮದುದಾರ ಮತ್ತು ಡೀಲರ್ ನಿಯಮ ಮೀರಿ ವಾಹನವನ್ನು ಮಾರಿದರೆ ಅಥವಾ ಮಾರ್ಪಡಿಸಿದರೆ ಒಂದು ವರ್ಷದವರೆಗೆ ಸಜೆ ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂ. ದಂಡ ಎಂದು ಅದೇ 182ಎ ಕಲಮು ಹೇಳುತ್ತದೆ. ಆದರೆ ಸ್ಪ್ರಿಂಗ್ ಕತ್ತರಿಸುವ ಗ್ಯಾರೇಜು ಬಿಲ್ಲು ಕೊಡುವುದಿಲ್ಲ, ಬೋರ್ಡಿನಲ್ಲಿ ಬರೆಯುವುದೂ ಇಲ್ಲ. ಅಂಗಡಿಯಲ್ಲಿ ಕಿಟ್ ಮುಕ್ತವಾಗಿ ಮಾರಾಟವಾಗುತ್ತದೆ. ಅದಕ್ಕೆ ಸರಕಾರ ತೆರಿಗೆಯನ್ನೂ ವಸೂಲು ಮಾಡುತ್ತದೆ. ಕೊಂಡದ್ದನ್ನು ಜೋಡಿಸಿದರೆ ಅದೇ ಸರಕಾರ ದಂಡ ಹಾಕುತ್ತದೆ. ಮಾರುವಾಗ ಕಣ್ಣುಮುಚ್ಚಿ, ಓಡಿಸುವಾಗ ಕೈಚಾಚುವ ಈ ಪದ್ಧತಿಗೆ ರಸ್ತೆ ಸುರಕ್ಷೆ ಎಂದು ಹೆಸರಿಡಲಾದೀತೇ?

ದಾರಿ ಇಲ್ಲದಿಲ್ಲ. ಜರ್ಮನಿಯನ್ನು ನೋಡಿ. ಅಲ್ಲಿ ಲೋವರಿಂಗ್ ಸ್ಪ್ರಿಂಗಿಗೆ ಸಾರಾಸಗಟು ನಿಷೇಧವಿಲ್ಲ. ಆದರೆ ಅದು ಯಾವ ಕಾರಿಗೆ, ಯಾವ ಚಕ್ರದ ಜೊತೆ, ಎಷ್ಟು ಭಾರದವರೆಗೆ ಹೊಂದುತ್ತದೆ ಎಂಬುದನ್ನು ಪರೀಕ್ಷಿಸಿ ಕೊಟ್ಟ ದಾಖಲೆ ಅದರ ಜೊತೆಗೇ ಬರಬೇಕು. ಜೋಡಿಸಿದ ಬಳಿಕ ಟಿಯುವಿಯಂತಹ ಮಾನ್ಯ ಸಂಸ್ಥೆಯ ತಜ್ಞ ಕಾರನ್ನು ಪರಿಶೀಲಿಸಬೇಕು. ಅವನು ಒಪ್ಪಿದರೆ ವಾಹನದ ದಾಖಲೆಗಳಲ್ಲಿ ಅದು ನಮೂದಾಗುತ್ತದೆ. ಒಪ್ಪದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ಅಲ್ಲಿ ಹವ್ಯಾಸಕ್ಕೆ ಅವಕಾಶವಿದೆ, ಹೊಣೆಗೇಡಿತನಕ್ಕೆ ಇಲ್ಲ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಹವ್ಯಾಸಕ್ಕೆ ಕಾನೂನಿನ ಅವಕಾಶವಿಲ್ಲ, ಆದರೆ ಹೊಣೆಗೇಡಿತನಕ್ಕೆ ಊರತುಂಬ ಗ್ಯಾರೇಜುಗಳಿವೆ. ಬಿಡಿಭಾಗಗಳಿಗೆ ಪರೀಕ್ಷೆ, ಜೋಡಿಸುವವರಿಗೆ ಪರವಾನಗಿ, ಜೋಡಿಸಿದ ಕಾರಿಗೆ ತಪಾಸಣೆ ಈ ಮೂರನ್ನು ಕೇಳುವುದು ನಮ್ಮ ಹಕ್ಕು. ಅದರ ಜೊತೆಗೆ ಪ್ರತಿಯೊಂದು ನಗರಸಭೆ ತನ್ನ ಹಂಪುಗಳನ್ನು ಅಳೆದು ಸರಿಪಡಿಸಬೇಕೆಂದು ವಾರ್ಡಿನ ಸದಸ್ಯರನ್ನು ಕೇಳುವುದೂ ನಮ್ಮ ಹಕ್ಕು. ವೋಟು ಕೇಳಲು ಬಂದವರಿಗೆ ಈ ಒಂದು ಪ್ರಶ್ನೆಯನ್ನಾದರೂ ಹಾಕೋಣ.

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ನಮ್ಮ ಮನೆಯ ಹಿರಿಯರ ಬೆನ್ನು ಕಾಯಬಲ್ಲದೇ? ಆದ್ದರಿಂದ ತಂದೆ ತಾಯಂದಿರಲ್ಲಿ ಒಂದು ಮಾತು. ಕಾರು ನಿಮ್ಮ ಹೆಸರಿನಲ್ಲಿದ್ದರೆ ಅದರ ಕೆಳಗೆ ಏನಿದೆಯೆಂದು ಬಗ್ಗಿ ನೋಡುವ ಹೊಣೆಯೂ ನಿಮ್ಮದೇ. ಹಳೆಯ ಕಾರು ಕೊಳ್ಳುವವರು ಸ್ಪ್ರಿಂಗಿನ ತುದಿಯನ್ನು ಗಮನಿಸಿ. ಗ್ರೈಂಡರಿನ ಗುರುತು, ಬೆಂಕಿ ಹಿಡಿದ ಕಪ್ಪು ಬಣ್ಣ, ಒಳ ಅಂಚು ಸವೆದ ಟಯರು ಕಂಡರೆ ಆ ಕಾರಿನ ಕಥೆ ಅಲ್ಲೇ ಬರೆದಿದೆ. ಮಗ ‘ಸಸ್ಪೆನ್ಶನ್ ಕೆಲಸ’ ಎಂದು ಹಣ ಕೇಳಿದರೆ ಯಾವ ಕೆಲಸವೆಂದು ಕೇಳಿ. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ಬುಷ್, ಸವೆದ ಮೌಂಟ್ ಇವುಗಳನ್ನು ಕಂಪೆನಿಯ ಅಳತೆಯ ಹೊಸ ಭಾಗಗಳಿಂದ ಬದಲಿಸುವುದಾದರೆ ಸಂತೋಷದಿಂದ ಕೊಡಿ. ನಮ್ಮ ರಸ್ತೆಗಳಲ್ಲಿ ಓಡುವ ಹಳೆಯ ಕಾರುಗಳಿಗೆ ನಿಜವಾಗಿ ಬೇಕಾಗಿರುವುದು ಆ ಕೆಲಸ. ಅದರಿಂದ ಕಾರು ನೋಡಲು ಬದಲಾಗುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಬ್ರೇಕ್ ಹಾಕಿದಾಗ ನಿಲ್ಲುತ್ತದೆ.

ಯುವಕರಲ್ಲೂ ಒಂದು ಮಾತು. ಯಂತ್ರದ ಬಗೆಗಿನ ನಿಮ್ಮ ಪ್ರೀತಿಯನ್ನು ಯಾರೂ ದೂರುತ್ತಿಲ್ಲ. ಸ್ಪ್ರಿಂಗನ್ನು ಬಿಚ್ಚಿ ಜೋಡಿಸಬಲ್ಲ ಕೈಗೆ ಅದರ ಲೆಕ್ಕವನ್ನೂ ಕಲಿಯುವ ಶಕ್ತಿಯಿದೆ. ಐಟಿಐಗಳಿವೆ, ಡಿಪ್ಲೊಮಾಗಳಿವೆ. ಕಲಿತವರು ನಮ್ಮ ಪಟ್ಟಣಗಳಲ್ಲೇ ಅಲೈನ್‌ಮೆಂಟ್ ಯಂತ್ರವಿರುವ, ಬಿಲ್ಲು ಕೊಡುವ, ‘ಇದನ್ನು ನಾನು ಮಾಡುವುದಿಲ್ಲ’ ಎಂದು ಗಿರಾಕಿಗೆ ಹೇಳಬಲ್ಲ ಗ್ಯಾರೇಜು ತೆರೆಯಲಿ. ಅಂಥವನನ್ನು ಊರು ಖಂಡಿತ ಗೌರವಿಸೀತು.

ಆ ಹುಡುಗ ಕಂಪೆನಿಯ ಸ್ಪ್ರಿಂಗನ್ನು ಪುನಃ ಹಾಕಿಸಿದ್ದಾನೆ. ಯಾರೂ ಒತ್ತಾಯಿಸಲಿಲ್ಲ, ಅವನೇ ಹೋಗಿ ಹಾಕಿಸಿದ. ಮೊನ್ನೆ ಅವರ ಮನೆಗೆ ಹೋದಾಗ ಸೋದರತ್ತೆ ಗೋಡೆ ಹಿಡಿದು ನಡೆದು ಬಂದು ಕುಳಿತರು. ಆಸ್ಪತ್ರೆಗೆ ಹೋಗುವ ದಿನ ಬಂದಿತ್ತು. ‘ಕಾರು ಸರಿ ಮಾಡಿಸಿದ್ದಾನೆ ಅತ್ತೆ, ಈಗ ಧೈರ್ಯವಾಗಿ ಕೂರಬಹುದು’ ಎಂದೆ. ಅವರು ಮೊಮ್ಮಗನತ್ತ ನೋಡಿ ನಕ್ಕರು. ‘ಅವನ ಮೇಲೆ ನನಗೆ ಸಿಟ್ಟಿಲ್ಲ ಮಗಾ. ಆದರೆ ಇವತ್ತು ಆಟೋದಲ್ಲೇ ಹೋಗುತ್ತೇನೆ’ ಎಂದರು.

ಸ್ಪ್ರಿಂಗನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಆ ಮಹಿಳೆ ಕಳೆದುಕೊಂಡ ನಂಬಿಕೆಗೆ ಯಾವ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವುದಿಲ್ಲ. ಮುಂದಿನ ಬಾರಿ ಕಾರಿನ ಎತ್ತರವನ್ನು ಅಳೆಯಲು ಹೊರಡುವ ಮುನ್ನ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆಂದು ಒಮ್ಮೆ ಯೋಚಿಸೋಣ.